ಬೆಳ್ಳುಳ್ಳಿ ವಾಸನೆ ಬಂದರೆ ಓಡಿ

ನಮ್ಮೂರಿನ ಉಪ್ಪುಗಾಳಿಯನ್ನು ಹುಡುಕಿಕೊಂಡು ಜರ್ಮನಿಯಿಂದ ಜನ ಬಂದಿದ್ದರು ಎಂದರೆ ಈಗ ಯಾರೂ ನಂಬುವುದಿಲ್ಲ. ಬಂದದ್ದು ಹೌದು ಮಾರಾಯ್ರೇ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಮಂಗಳೂರಿನ ಗುಡ್ಡವೊಂದರ ಮೇಲಿದ್ದ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಅಧ್ಯಾಪಕಿ. ಮದುವೆ ಬೇಡವೆಂದು ಹಟ ಹಿಡಿದು ದೇರೆಬೈಲಿನಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಎಂದು ಅತ್ತಿಗೆ ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಿದ್ದಳು. ಸುಳ್ಳೇನೂ ಅಲ್ಲ.

ಯೋಜನೆ ಎಂತದ್ದೆಂದು ಸರಳವಾಗಿ ಹೇಳುತ್ತೇನೆ. ಹಡಗು, ಬಂದರು, ಕರಾವಳಿಯ ದೂರವಾಣಿ ಕೇಂದ್ರ ಇಲ್ಲೆಲ್ಲ ಬಳಸುವ ಸೆಮಿಕಂಡಕ್ಟರ್ ಬಿಡಿಭಾಗಗಳು ಸಮುದ್ರದ ಗಾಳಿಗೆ ಬೇಗ ಹಾಳಾಗುತ್ತವೆ. ಯಾಕೆ, ಹೇಗೆ, ತಡೆಯುವ ಉಪಾಯ ಉಂಟಾ ಎಂದು ಕಂಡುಹಿಡಿಯಬೇಕು. ಇದಕ್ಕೆ ಮೂರು ಕಡೆಯವರು ಕೈ ಸೇರಿಸಿದ್ದರು. ಪಶ್ಚಿಮ ಜರ್ಮನಿಯ ಒಂದು ವಿಶ್ವವಿದ್ಯಾಲಯ, ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ, ಆಮೇಲೆ ಎಲೆಯ ತುದಿಯ ಉಪ್ಪಿನಕಾಯಿಯ ಹಾಗೆ ನಾವು. ಅವರಲ್ಲಿ ಬುದ್ಧಿಯೂ ಯಂತ್ರಗಳೂ ಇದ್ದವು. ನಮ್ಮಲ್ಲಿ ಇದ್ದದ್ದು ಗಾಳಿ ಮಾತ್ರ. ಅವರು ತಯಾರಿಸಿ ಕಳಿಸಿದ ಸಿಲಿಕಾನ್ ಬಿಲ್ಲೆಗಳನ್ನು ನಾವು ಕಾಲೇಜಿನ ಟೆರೇಸಿನ ಮೇಲೆ ಬಲೆಯ ಪೆಟ್ಟಿಗೆಯಲ್ಲಿಟ್ಟು, ಅವು ಸಾಯುವುದನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕಿತ್ತು.

"ಅವರು ಹುಟ್ಟಿಸ್ತಾರೆ, ನಾವು ಕೊಲ್ತೇವೆ," ಎಂದು ನನ್ನ ಸಹೋದ್ಯೋಗಿ ನಗುತ್ತಿದ್ದರು.

ಆ ಸಹೋದ್ಯೋಗಿಯ ಬಗ್ಗೆ ಹೇಳಲಿಕ್ಕೇ ನಾನು ಇಷ್ಟೆಲ್ಲ ಬರೆಯುತ್ತಿರುವುದು. ಅವರು ನನಗಿಂತ ಹಿರಿಯರು, ತೊಕ್ಕೊಟ್ಟಿನ ಹತ್ತಿರ ಮನೆ. ತಲೆತಲಾಂತರದಿಂದ ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆತನ. ತಂದೆ, ಅಣ್ಣ ಇಬ್ಬರೂ ಊರಿನ ದೇವಸ್ಥಾನದಲ್ಲಿ ಅರ್ಚಕರು. ಇವರೊಬ್ಬರು ಓದಿ ಮೇಷ್ಟ್ರಾದವರು. ನಮ್ಮದು ಗುತ್ತಿನ ಮನೆ, ಜಮೀನ್ದಾರಿಕೆಯ ಗತ್ತು. ಭೂಮಸೂದೆಯಲ್ಲಿ ಗದ್ದೆಗಳು ಹೋಗಿದ್ದವು, ಗತ್ತು ಮಾತ್ರ ಹೋಗಿರಲಿಲ್ಲ. ಇಬ್ಬರ ಮನೆಮಾತೂ ತುಳುವೇ. ಆದರೆ ಅವರ ಮನೆಯ ತುಳು ಬೇರೆ, ನಮ್ಮ ಮನೆಯ ತುಳು ಬೇರೆ. ಬಾಯಿ ತೆರೆದರೆ ಸಾಕು, ಯಾರು ಯಾವ ಮನೆಯವರೆಂದು ಗೊತ್ತಾಗುತ್ತದೆ. ಹಾಗಾಗಿ ನಾವಿಬ್ಬರೂ ಲ್ಯಾಬಿನಲ್ಲಿ ಕನ್ನಡ ಮಾತಾಡುತ್ತಿದ್ದೆವು. ಅವರು ನನ್ನನ್ನು ಮೇಡಂ ಅನ್ನುತ್ತಿದ್ದರು, ನಾನು ಅವರನ್ನು ಸರ್. ಅಂತಹ ಮರ್ಯಾದಸ್ಥರನ್ನು ನಾನು ಬೇರೆ ನೋಡಿಲ್ಲ. ಯಾರ ಮನಸ್ಸಿಗೂ ನೋವಾಗುವ ಒಂದು ಮಾತು ಅವರ ಬಾಯಿಂದ ಹೊರಟದ್ದಿಲ್ಲ. ಆ ಮರ್ಯಾದೆಯ ಮೇಲೆ ನನಗೆ ಇವತ್ತಿಗೂ ಸಿಟ್ಟು ಉಂಟು.

ಮಧ್ಯಾಹ್ನ ಇಬ್ಬರೂ ಲ್ಯಾಬಿನ ಹೊರಕೋಣೆಯಲ್ಲೇ ಊಟ ಮಾಡುತ್ತಿದ್ದೆವು. ಅವರದು ಮೊಸರನ್ನವೋ ಚಿತ್ರಾನ್ನವೋ. ನನ್ನ ಡಬ್ಬಿಯಲ್ಲಿ ಅತ್ತಿಗೆ ಮಾಡಿದ ಬಂಗುಡೆ ಸಾರು, ಇಲ್ಲದಿದ್ದರೆ ಬೂತಾಯಿ ಹುರಿದದ್ದು. ನಮ್ಮ ಮನೆಯಲ್ಲಿ ಮೀನಿನ ಮಸಾಲೆಗೆ ಬೆಳ್ಳುಳ್ಳಿ ಧಾರಾಳ, ಡಬ್ಬಿ ತೆರೆದರೆ ಕೋಣೆಯೆಲ್ಲ ಘಮ್ಮೆನ್ನುತ್ತಿತ್ತು. ಅವರ ಮನೆಯಲ್ಲಿ ನೀರುಳ್ಳಿಯೇ ಇಲ್ಲ, ಇನ್ನು ಬೆಳ್ಳುಳ್ಳಿ ಎಲ್ಲಿಂದ? ಹೊರಗೆ ಒಂದು ಚಹಾ ಕುಡಿಯುವವರೂ ಅಲ್ಲ. "ನಿಮಗೆ ತೊಂದರೆ ಆಗ್ತದಾ ಸರ್?" ಎಂದು ನಾನು ಒಮ್ಮೆ ಕೇಳಿದೆ. "ಎಂತ ತೊಂದರೆ? ನೀವು ಆರಾಮ ಊಟ ಮಾಡಿ," ಎಂದರು. ಅಂದು ಕಿಟಕಿಯ ಕಡೆ ಸ್ವಲ್ಪ ತಿರುಗಿ ಕೂತದ್ದನ್ನು ನಾನು ನೋಡಿದ್ದೆ, ನೋಡದವಳ ಹಾಗೆ ಇದ್ದೆ.

ಎರಡನೆಯ ವರ್ಷ ಯೋಜನೆ ಬೆಳೆಯಿತು. ಬರೇ ಕೊಂದರೆ ಸಾಲದು, ಇಲ್ಲಿಯೇ ಹುಟ್ಟಿಸಿಯೂ ನೋಡಬೇಕು ಎಂದರು. ಕರಾವಳಿಯ ತೇವದಲ್ಲಿ ಡಯೋಡು ತಯಾರಿಸಿದರೆ ಅದರ ಆಯುಷ್ಯ ಎಷ್ಟು ಎಂಬ ಪ್ರಶ್ನೆ. ಅದಕ್ಕೊಂದು ಫರ್ನೇಸ್ ಬಂತು. ಗಾಜಿನ ಹಾಗೆ ಕಾಣುವ ಉದ್ದ ಕೊಳವೆ, ಅದರ ಸುತ್ತ ಕೆಂಪಗೆ ಕಾಯುವ ತಂತಿಯ ಸುರುಳಿ. ಸಿಲಿಕಾನ್ ಬಿಲ್ಲೆಗಳನ್ನು ಅದರೊಳಗಿಟ್ಟು, ಕಾದ ಮೇಲೆ ಒಂದು ಅನಿಲವನ್ನು ಹಾಯಿಸಬೇಕು. ಆಗ ಅದರಲ್ಲಿನ ರಂಜಕ ಸಿಲಿಕಾನಿನೊಳಗೆ ಇಳಿಯುತ್ತದೆ. ಆ ಅನಿಲದ ಹೆಸರು ಫಾಸ್ಫೀನ್. ಕಣ್ಣಿಗೆ ಕಾಣುವುದಿಲ್ಲ, ಉಸಿರಿನಲ್ಲಿ ಎಳೆದುಕೊಂಡವರ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತದೆ.

ಸಿಲಿಂಡರಿನ ಜೊತೆ ಬೆಂಗಳೂರಿನಿಂದ ಒಬ್ಬರು ವಿಜ್ಞಾನಿ ಬಂದಿದ್ದರು. ಕಪ್ಪು ಚೌಕಟ್ಟಿನ ಕನ್ನಡಕ, ಸೆಕೆಗೆ ಬೆವರಿ ಒದ್ದೆಯಾದ ಅಂಗಿ. ಸೋರಿಕೆ ಆದರೆ ಕೂಗುವ ಅಲಾರ್ಮ್ ಯಂತ್ರ ಜರ್ಮನಿಯಿಂದ ಹಡಗಿನಲ್ಲಿ ಬರುತ್ತಾ ಉಂಟು, ಅಲ್ಲಿಯ ತನಕ ನಿಮ್ಮ ಮೂಗೇ ಅಲಾರ್ಮ್ ಎಂದರು. ನಗಲಿಲ್ಲ. "ಬೆಳ್ಳುಳ್ಳಿ ವಾಸನೆ ಬಂದ್ರೆ ಯೋಚನೆ ಮಾಡ್ಬೇಡಿ. ಯಾವ ಕೆಲಸ ಇದ್ರೂ ಬಿಟ್ಟು ಓಡಿ." ನಾನೂ ತಲೆಯಾಡಿಸಿದೆ, ಸರ್ ಕೂಡ ತಲೆಯಾಡಿಸಿದರು. ನನಗೆ ಬೆಳ್ಳುಳ್ಳಿ ಅಂದರೆ ಬೆಳ್ಳುಳ್ಳಿ. ಅವರಿಗೆ ಅದು ಎಂತದ್ದಾಗಿತ್ತು ಎಂದು ಆ ಹೊತ್ತಿನಲ್ಲಿ ಯಾರಿಗೆ ಹೊಳೆಯಬೇಕು?

ಫರ್ನೇಸನ್ನು ಒಳಕೋಣೆಯಲ್ಲಿ ಇಟ್ಟೆವು. ಧೂಳು ಬರಬಾರದೆಂದು ಆ ಕೋಣೆಯ ಬಾಗಿಲು ಸದಾ ಮುಚ್ಚಿರಬೇಕು. ಒಂದು ಏಸಿ ಕೊಟ್ಟಿದ್ದರು, ಅದು ಒಂದು ಮಳೆಗಾಲದಲ್ಲೇ ತುಕ್ಕು ತಿಂದು ಕೂತಿತು. ಕಿಟಕಿ ತೆರೆಯದಿದ್ದರೆ ಒಳಗೆ ಬೆಂದುಹೋಗುತ್ತೇವೆ, ತೆರೆದರೆ ಧೂಳು. ಕೊನೆಗೆ ಸರ್ ತಮ್ಮ ಮನೆಯಿಂದ ಒಗೆದು ಮಡಿ ಮಾಡಿದ ಹಳೆಯ ಪಂಚೆಗಳನ್ನು ತಂದು ಎರಡು ಪದರ ಮಾಡಿ ಕಿಟಕಿಗಳಿಗೆ ಬಿಗಿದರು. ಗಾಳಿ ಬರುತ್ತದೆ, ಧೂಳು ಬರುವುದಿಲ್ಲ. ಬೆಂಗಳೂರಿನವರಿಗೆ ಇದನ್ನು ತಿಳಿಸುವುದು ಬೇಡ ಎಂದು ಇಬ್ಬರೂ ನಕ್ಕೆವು. ಕೊಳವೆಯಿಂದ ಹೊರಬರುವ ಉಳಿದ ಅನಿಲವನ್ನು ಹೊರಗೆ ಬಿಡಲು ಒಂದು ತಗಡಿನ ಪೈಪು ಇತ್ತು. ಅದು ಸೂರಿನ ಕೆಳಗೆ ಒಳಕೋಣೆಯ ಉದ್ದಕ್ಕೂ ಹೋಗಿ ಸಮುದ್ರದ ಕಡೆಯ ಗೋಡೆಯಿಂದ ಆಚೆ ಬಾಯಿ ತೆರೆದಿತ್ತು. ಆ ಕಡೆಯೇ ದೂರದಲ್ಲಿ ದಕ್ಕೆ, ಮೀನಿನ ದೋಣಿಗಳು ಬಂದು ನಿಲ್ಲುವ ಜಾಗ. ಸಿಲಿಂಡರಿನ ಎಲ್ಲ ಜೋಡಣೆಗಳಿಗೂ ವಾರವಾರ ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದಾ ಎಂದು ನೋಡುತ್ತಿದ್ದೆವು. ಸರ್ ಅದನ್ನು ದೇವರ ಪೂಜೆಯಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದರು. ತಗಡಿನ ಪೈಪಿಗೆ ಯಾರೂ ನೊರೆ ಹಚ್ಚಲಿಲ್ಲ. ಅದು ಹೊಗೆ ಹೋಗುವ ದಾರಿ, ಅದಕ್ಕೆಂತ ಪರೀಕ್ಷೆ?

ಕೆಳಗಿನಿಂದ ನೋಡಿದರೆ ಪೈಪು ಬಣ್ಣ ಬಳಿದುಕೊಂಡು ಚಂದ ಇತ್ತು. ಮೇಲ್ಭಾಗವನ್ನು ಉಪ್ಪುಗಾಳಿ ಆಗಲೇ ತಿಂದು ತೂತು ಮಾಡಲು ಶುರುಮಾಡಿತ್ತು. ಕೂದಲೆಳೆಗಿಂತ ಸಣ್ಣ ತುಕ್ಕಿನ ಚುಕ್ಕಿಯನ್ನು ಮೈಕ್ರೋಸ್ಕೋಪಿನಲ್ಲಿ ಹುಡುಕಿ ಅಳೆಯುತ್ತಿದ್ದವರು ನಾವು! ತಲೆಯ ಮೇಲಿದ್ದದ್ದನ್ನು ನೋಡಲು ಒಂದು ಸ್ಟೂಲು ಹತ್ತಿದರೆ ಸಾಕಿತ್ತು.

ಆ ವರ್ಷದ ಮೇ ತಿಂಗಳಲ್ಲಿ ಒಂದು ದಿನ ನಾನು ಕ್ಲಾಸು ಮುಗಿಸಿ ಬಂದು ನೋಡುತ್ತೇನೆ, ಹೊರಕೋಣೆಯಲ್ಲಿ ಸರ್ ಅವರ ಟೇಬಲ್ ಇಲ್ಲ. ಒಳಕೋಣೆಗೆ ಹೋಗಿತ್ತು. ಎಂತ ಸರ್ ಎಂದು ಕೇಳಿದರೆ, "ಫರ್ನೇಸಿನ ಹತ್ತಿರವೇ ಇರುವುದು ಒಳ್ಳೆಯದಲ್ವಾ ಮೇಡಂ, ಆಗಾಗ ಎದ್ದು ಹೋಗುವುದು ತಪ್ಪುತ್ತದೆ," ಎಂದು ನೆಲ ನೋಡಿಕೊಂಡು ಹೇಳಿದರು. ನೆಲ ನೋಡಿಕೊಂಡು ಹೇಳಿದ ಮಾತು ಸುಳ್ಳೆಂದು ತಿಳಿಯಲು ಡಿಗ್ರಿ ಬೇಕಾ? ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಡಬ್ಬಿಯ ವಾಸನೆಗೆ ಓಡಿಹೋದರು ಈ ಮನುಷ್ಯ, ಹೇಳುವ ಧೈರ್ಯವೂ ಇಲ್ಲ ಎಂದುಕೊಂಡೆ. ಮರುದಿನದಿಂದ ಬೇಕೆಂದೇ ಒಣಮೀನಿನ ಚಟ್ನಿ ತಂದೆ. ಅತ್ತಿಗೆಗೇ ಆಶ್ಚರ್ಯ, "ನಿನಗೆ ಎಂತ ಬಯಕೆಯಾ?" ಎಂದು ಚೇಷ್ಟೆ ಮಾಡಿದಳು.

ಎಷ್ಟು ದಿನ ಅಂತ ಹಾಗೆ ಮಾಡುವುದು? ಮಳೆ ಹಿಡಿಯುವ ಹೊತ್ತಿಗೆ ನನಗೇ ಬೇಸರ ಬಂತು. ಬೇಡವಾದ ಕಡೆ ಕೂತು ನಾನು ಯಾಕೆ ತಿನ್ನಬೇಕು ಎಂದು ಡಬ್ಬಿಯನ್ನು ಕೆಳಗಿನ ಲೇಡೀಸ್ ರೂಮಿಗೆ ಒಯ್ಯತೊಡಗಿದೆ. ಆಮೇಲೆ ಲ್ಯಾಬಿನಲ್ಲಿ ಒಂದು ತುತ್ತು ತಿಂದವಳಲ್ಲ. ಅದನ್ನು ಅವರಿಗೆ ಹೇಳಲೂ ಇಲ್ಲ, ಹೇಳುವುದೆಂತದ್ದು? ಬಾಗಿಲು ಮುಚ್ಚಿಕೊಂಡು ಒಳಗಿದ್ದವರಿಗೆ ಗೊತ್ತೂ ಆಗಲಿಲ್ಲ. ಎರಡು ಕೋಣೆಗಳ ನಡುವೆ ಗೋಡೆಯಲ್ಲಿ ಬಿಲ್ಲೆಗಳನ್ನು ಕೊಡಲು ಒಂದು ಕಿಂಡಿ ಇತ್ತು, ಅದಕ್ಕೆ ಮರದ ಮುಚ್ಚಳ. ಬೆಳಿಗ್ಗೆ, ಗ್ಯಾಸು ಬಿಡುವ ಮೊದಲೇ, ನಾನು ಮುಚ್ಚಳ ಎತ್ತಿ ಬಿಲ್ಲೆಗಳ ತಟ್ಟೆಯನ್ನು ಒಳಗೆ ತಳ್ಳಿ ಟಪ್ಪೆಂದು ಮುಚ್ಚುತ್ತಿದ್ದೆ. ಒಳಗೆ ಕಾಲಿಡುವುದನ್ನು ಪೂರ್ತಿ ಬಿಟ್ಟೆ. ಬೆಳಿಗ್ಗೆ ಗುಡಿಸುವವಳು ಒಬ್ಬಳು ಒಳಗೆ ಹೋಗುತ್ತಿದ್ದಳು, ಆ ಹೊತ್ತಿಗೆ ಫರ್ನೇಸ್ ತಣ್ಣಗಿರುತ್ತಿತ್ತು.

ಮಳೆಗಾಲದಲ್ಲಿ ಮಂಗಳೂರಿನ ಸೊಳ್ಳೆ ಎಂದರೆ ಕೇಳಬೇಡಿ. ಕಾಲು ಕೆರೆದುಕೊಂಡೇ ನಾನು ಮೈಕ್ರೋಸ್ಕೋಪು ನೋಡುತ್ತಿದ್ದೆ. ಒಂದು ದಿನ ತಟ್ಟೆ ಕೊಡುವಾಗ ಕಿಂಡಿಯ ಆಚೆಯಿಂದ ಸರ್ ಅವರ ಸ್ವರ ಬಂತು. ಮಾತು ಬಿಟ್ಟವಳ ಹತ್ತಿರ ಮಾತು ಬೆಳೆಸಲು ನೋಡುತ್ತಿದ್ದರು ಪಾಪ. "ಮೇಡಂ, ಒಂದು ವಿಶೇಷ. ಈ ಕೋಣೆಯಲ್ಲಿ ಒಂದೇ ಒಂದು ಸೊಳ್ಳೆ ಇಲ್ಲ!"

"ಪುಣ್ಯ ಮಾಡಿದ್ದೀರಿ," ಎಂದೆ.

"ಇರುವೆಯೂ ಇಲ್ಲ. ನಿನ್ನೆ ಒಂದು ಹಲ್ಲಿ ಮೇಲಿನಿಂದ ಬಿತ್ತು, ನೋಡಿದರೆ ಸತ್ತಿದೆ."

ನಾನು ಮುಚ್ಚಳ ಹಾಕಿದೆ. ಹಲ್ಲಿ ಬಿದ್ದರೆ ಶಕುನ ನೋಡುವ ಮನೆಯವರು, ತಲೆ ಮೇಲೆ ಬಿತ್ತಾ ಭುಜದ ಮೇಲೆ ಬಿತ್ತಾ ಎಂದು ಲೆಕ್ಕ ಹಾಕಲಿ ಎಂದುಕೊಂಡೆ. ಭೌತಶಾಸ್ತ್ರ ಕಲಿತವರಿಬ್ಬರು, ಸೊಳ್ಳೆ ಬದುಕದ ಕೋಣೆಯಲ್ಲಿ ಮನುಷ್ಯ ಹೇಗೆ ಬದುಕುತ್ತಾನೆ ಎಂದು ಯೋಚಿಸಲಿಲ್ಲ.

ಜುಲೈಯಲ್ಲಿ ಅವರಿಗೆ ಕೆಮ್ಮು ಹತ್ತಿತು. ಮೊದಮೊದಲು ಒಣ ಕೆಮ್ಮು. ಆಮೇಲೆ ಗೋಡೆಯಾಚೆಯಿಂದ ಅವರು ಉಸಿರೆಳೆಯುವ ಸದ್ದೇ ಕೇಳಿಸತೊಡಗಿತು. ತಲೆನೋವು, ವಾಕರಿಕೆ, ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಮಳೆಗಾಲದ ದಮ್ಮು ಎಂದರು. ಮಂಗಳೂರಿನಲ್ಲಿ ಮಳೆಗಾಲಕ್ಕೆ ಅರ್ಧ ಊರೇ ಕೆಮ್ಮುತ್ತದೆ, ಅವರನ್ನೂ ತಪ್ಪು ಹೇಳುವ ಹಾಗಿಲ್ಲ. ಸರ್ ಅವರ ತಾಯಿಗೆ ಮಾತ್ರ ಇದು ಬರೇ ದಮ್ಮಲ್ಲ, ಯಾರದೋ ದೃಷ್ಟಿ ಎಂದು ಅನುಮಾನ. ಪೂಜೆಯ ಮನೆಯ ಹುಡುಗ ಹೊರದೇಶದವರ ಜೊತೆ ಸೇರಿ ಬೆಂಕಿ ಕಾಯಿಸುತ್ತಾ ಕೂತದ್ದು ದೇವರಿಗೆ ಸರಿಬರಲಿಲ್ಲ ಎಂದೂ ಹೇಳಿದರಂತೆ.

ಅದೇ ಸಮಯಕ್ಕೆ ಅವರ ಅಣ್ಣನಿಗೆ ಕಾಲು ಉಳುಕಿ, ಊರಿನ ದೇವಸ್ಥಾನದ ಪೂಜೆಗೆ ಇವರು ರಜೆ ಹಾಕಿ ಹೋಗಬೇಕಾಯಿತು. ಕೆಲವು ದಿನ ಬಿಟ್ಟು ಬಂದಾಗ ಬೇರೆಯೇ ಮನುಷ್ಯ! ಕೆಮ್ಮು ಇಲ್ಲ, ಮುಖದಲ್ಲಿ ಕಳೆ. "ದೇವರು ಕಾಪಾಡಿದ," ಎಂದರು. ತಣ್ಣೀರಿನಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿ ಗರ್ಭಗುಡಿಯಲ್ಲಿ ನಿಂತವನ ದಮ್ಮು ಕಮ್ಮಿಯಾದರೆ ಯಾರಾದರೂ ದೇವರೇ ಎನ್ನಬೇಕು. ನನಗೂ ಒಳಗೊಳಗೇ ಸಮಾಧಾನವಾಯಿತು. ಅವರು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ವಾರ ಮುಗಿಯುವುದರೊಳಗೆ ಮತ್ತೆ ಕೆಮ್ಮು, ಈ ಸಲ ಮೊದಲಿಗಿಂತ ಜೋರು. ತಾಯಿ ಇನ್ನೊಂದು ಹರಕೆ ಹೇಳಿಕೊಂಡರು. ಪುನಃ ರಜೆ, ಪುನಃ ಗುಣ. ಪುನಃ ಲ್ಯಾಬು. ನನಗೆ ಏನೋ ಸರಿಯಿಲ್ಲ ಎಂದು ಅನ್ನಿಸುತ್ತಿತ್ತು. ಆದರೆ ಎಂತದ್ದು ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ.

ಮಳೆ ಕಮ್ಮಿಯಾಗುವ ಹೊತ್ತಿಗೆ ಜರ್ಮನಿಯ ಪ್ರೊಫೆಸರು ಬರುತ್ತಾರೆಂದು ಸುದ್ದಿ ಬಂತು. ಬೆಂಗಳೂರಿನವರೂ ಜೊತೆಗೆ. ಸೋಮವಾರ ಬರುತ್ತಾರೆ, ಇಲ್ಲಿಯೇ ತಯಾರಾದ ಡಯೋಡುಗಳನ್ನು ನೋಡಬೇಕಂತೆ. ಅಲಾರ್ಮ್ ಯಂತ್ರ ಇನ್ನೂ ಹಡಗಿನಲ್ಲೇ ಇತ್ತು, ಯಾವ ಹಡಗೋ ದೇವರೇ ಬಲ್ಲ. ಸರ್ ಆಗ ಮೂರನೆಯ ಸಲ ರಜೆಯಲ್ಲಿ ಮನೆಯಲ್ಲಿದ್ದರು. ಶನಿವಾರ ಪ್ರಿನ್ಸಿಪಾಲರು ನನ್ನನ್ನು ಕರೆದು, ಅವರು ಸೋಮವಾರ ಬರುವಷ್ಟು ಹುಷಾರಾಗಿದ್ದಾರಾ ಎಂದು ನೋಡಿಕೊಂಡು ಬನ್ನಿ ಎಂದರು. ನನಗೂ ಅಷ್ಟು ಹೊತ್ತಿಗೆ ಸಿಟ್ಟು ಇಳಿದಿತ್ತು. ಹೋಗಿ, ಮುಖಕ್ಕೆ ಮುಖ ಕೊಟ್ಟು, ನಿಮಗೆ ನನ್ನ ಊಟ ಆಗುವುದಿಲ್ಲವಾದರೆ ನೇರ ಹೇಳಬಾರದಿತ್ತಾ ಮಾರಾಯ್ರೇ ಎಂದು ಒಂದು ಸಲ ಬೈದು, ಮತ್ತೆ ಮೊದಲಿನ ಹಾಗೆ ಇರೋಣ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಕಿತ್ತಳೆ ಹಣ್ಣು ಹಿಡಿದುಕೊಂಡು ಬಸ್ಸು ಹತ್ತಿದೆ.

ತೊಕ್ಕೊಟ್ಟಿನಲ್ಲಿ ಇಳಿದು ಸ್ವಲ್ಪ ನಡೆದರೆ ಅವರ ಮನೆ. ಜಗಲಿಯಲ್ಲಿ ತಾಯಿ ಬತ್ತಿ ಹೊಸೆಯುತ್ತಿದ್ದರು. ಹೆಂಡತಿ ಬಾಗಿಲಿಗೆ ಬಂದು, "ಅಯ್ಯೋ, ಅವರು ಬೆಳಗಾಗುವಾಗಲೇ ಹೋದದ್ದು ಮೇಡಂ! ನಾಳೆ ದೊಡ್ಡವರು ಬರ್ತಾರೆ, ಇವತ್ತೇ ಫರ್ನೇಸ್ ಇಟ್ಟರೆ ನಾಳೆಗೆ ತೋರಿಸ್ಲಿಕ್ಕೆ ಎಂತಾದ್ರೂ ಉಂಟು ಅಂತ. ನಾನು ಬೇಡ ಅಂದೆ, ಕೇಳ್ಬೇಕಲ್ಲ," ಎಂದರು. ಕೂತುಕೊಳ್ಳಿ ಎಂದು ಒಂದು ಲೋಟ ಕಾಫಿ ತಂದುಕೊಟ್ಟರು. ಅವರಿಗೂ ಮಾತಾಡಲು ಒಬ್ಬರು ಬೇಕಿತ್ತೇನೋ. ಗಂಡ ತಿನ್ನುತ್ತಿಲ್ಲ, ನಿದ್ದೆಯಿಲ್ಲ, ಉಸಿರು ಕಟ್ಟಿ ರಾತ್ರಿಯಿಡೀ ಕೂತೇ ಇರುತ್ತಾರೆ ಎಂದು ಕಣ್ಣೊರೆಸಿಕೊಂಡರು. ಆಮೇಲೆ ಸ್ವರ ತಗ್ಗಿಸಿ ಹೇಳಿದರು.

"ಮೇಡಂ, ನೀವು ತಪ್ಪು ತಿಳ್ಕೊಳ್ಬಾರದು. ಟೇಬಲ್ ಒಳಗೆ ಹಾಕಿದ್ದಕ್ಕೆ ನಿಮಗೆ ಬೇಸರ ಆಗಿದೆ ಅಂತ ಅವರಿಗೆ ಭಾರಿ ಸಂಕಟ. ಹುಟ್ಟಿದಂದಿನಿಂದ ಅಭ್ಯಾಸ ಇಲ್ಲ, ಆ ಮೀನಿನ ವಾಸನೆ ತಡೆಯುದಿಲ್ಲ ಅವರಿಗೆ. ಮುಖದ ಮೇಲೆ ಹೇಳ್ಲಿಕ್ಕೆ ಆಗ್ತದಾ? ನೀವು ಅಷ್ಟು ಒಳ್ಳೆಯವರು."

"ಅದು ಹಳೇ ಕಥೆ ಅಮ್ಮ, ಬಿಡಿ," ಎಂದೆ.

"ಆದ್ರೆ ಅವರ ಗ್ರಹಚಾರ ನೋಡಿ. ಒಳಗೆ ಹೋದ್ರೆ ವಾಸನೆ ಇನ್ನೂ ಜಾಸ್ತಿಯಂತೆ! ದಿನಾ ಬಂದು ಹೇಳ್ತಾರೆ, ಮೇಡಂ ಹೊರಗೆ ಡಬ್ಬಿ ತೆರೀತಾರೆ, ನನಗೆ ಒಳಗೆ ಮೂಗಿಗೆ ಬಡೀತದೆ ಅಂತ. ಮಧ್ಯಾಹ್ನ ಮಾತ್ರ ಅಲ್ಲ, ಸಂಜೆಯ ತನಕ."

ಕಾಫಿ ಲೋಟ ಕೈಯಲ್ಲೇ ಇತ್ತು. ಮಳೆ ಹಿಡಿದಂದಿನಿಂದ ನಾನು ಆ ಲ್ಯಾಬಿನಲ್ಲಿ ಡಬ್ಬಿ ತೆರೆದೇ ಇಲ್ಲ.

"ಯಾವ ತರದ ವಾಸನೆ ಅಂತ ಹೇಳಿದ್ದಾರಾ?" ಎಂದು ಕೇಳಿದೆ.

"ನಮಗೆ ಎಂತ ಗೊತ್ತು ಮೇಡಂ? ಮೀನಿನ ಸಾರಿನ ವಾಸನೆ. ಬಸ್ಸಲ್ಲಿ, ಹೋಟೆಲಿನ ಎದುರು ಬರ್ತದಲ್ಲ, ಅದೇ."

ಅದೇ! ಆ ಮನುಷ್ಯನ ಜೀವಮಾನದಲ್ಲಿ ಬೆಳ್ಳುಳ್ಳಿ ಬೇರೆಯಾಗಿ ಎಲ್ಲಿ ಸಿಕ್ಕಿದೆ? ಅಡುಗೆಮನೆಯಲ್ಲಿ ಜಜ್ಜಿದ್ದು ನೋಡಿಲ್ಲ, ಒಗ್ಗರಣೆಗೆ ಹಾಕಿದ್ದು ನೋಡಿಲ್ಲ. ಬೇರೆಯವರ ಡಬ್ಬಿಯಲ್ಲಿ, ನನ್ನ ಡಬ್ಬಿಯಲ್ಲಿ, ಮೀನಿನ ಜೊತೆ ಸೇರಿ ಬಂದದ್ದೇ ಅವರಿಗೆ ಗೊತ್ತಿದ್ದ ಬೆಳ್ಳುಳ್ಳಿ. ಅವರ ಮೂಗಿಗೆ ಅದರ ಹೆಸರು ಮೀನು. ಓಡಿ ಎಂದು ಹೇಳಿದ ವಾಸನೆಯನ್ನು ಅವರು ದಿನಾ ಮರ್ಯಾದೆಯಿಂದ ಸಹಿಸಿಕೊಂಡು ಕೂತಿದ್ದರು.

ಲೋಟ ಎಲ್ಲಿಟ್ಟೆನೋ ಗೊತ್ತಿಲ್ಲ. "ಅಮ್ಮ, ನಾನು ಬರ್ತೇನೆ," ಎಂದಷ್ಟೇ ಹೇಳಿ ರಸ್ತೆಗೆ ಓಡಿದೆ. ಹಿಂದಿನಿಂದ ಅವರು "ಎಂತ ಆಯ್ತು ಮೇಡಂ?" ಎಂದು ಕೂಗುತ್ತಿದ್ದರು. ತೊಕ್ಕೊಟ್ಟಿನ ಅಂಗಡಿಯೊಂದರಲ್ಲಿ ಫೋನಿತ್ತು. ಭಾನುವಾರ ಕಾಲೇಜಿನ ಆಫೀಸಿನಲ್ಲಿ ಎತ್ತುವವರು ಯಾರು? ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಉಳ್ಳಾಲದ ಕಡೆಯಿಂದ ಬಂದ ಬಸ್ಸು ತುಂಬಿತ್ತು, ಬಾಗಿಲಿನಲ್ಲಿ ನೇತುಬಿದ್ದೆ. ನೇತ್ರಾವತಿ ಸೇತುವೆಯ ಮೇಲೆ ಒಂದು ಲಾರಿ ಕೆಟ್ಟು ನಿಂತು ಬಸ್ಸು ಇರುವೆಯ ಹಾಗೆ ಹೋಗುತ್ತಿತ್ತು. ಕೆಳಗೆ ಕೆಂಪು ನೀರು ತುಂಬಿ ಹರಿಯುತ್ತಿತ್ತು. ನಾನು ಕಂಡಕ್ಟರನಿಗೆ ಬೈದೆ, ಡ್ರೈವರನಿಗೆ ಬೈದೆ, ಆ ಲಾರಿಯವನ ಏಳು ತಲೆಮಾರಿಗೆ ಬೈದೆ. "ಅಕ್ಕ, ನಾನೆಂತ ಹಾರಿಸಿಕೊಂಡು ಹೋಗ್ಬೇಕಾ?" ಎಂದು ಕಂಡಕ್ಟರ್ ರೇಗಿದ. ಒಂದು ಸಂಗತಿ ನೆನೆದು ಮನಸ್ಸಿಗೆ ಧೈರ್ಯ ಹೇಳಿಕೊಳ್ಳುತ್ತಿದ್ದೆ. ಕಿಟಕಿಗಳು ತೆರೆದಿರುತ್ತವೆ. ಪಂಚೆ ಕಟ್ಟಿದ್ದರೂ ಗಾಳಿ ಆಡುತ್ತದೆ. ಇಷ್ಟು ತಿಂಗಳು ಅವರನ್ನು ಉಳಿಸಿದ್ದು ಅದೇ, ಇವತ್ತೂ ಉಳಿಸುತ್ತದೆ.

ಗುಡ್ಡ ಹತ್ತಿ ಹೋದರೆ ಕಾಲೇಜಿನಲ್ಲಿ ನರಪಿಳ್ಳೆ ಇಲ್ಲ. ಲ್ಯಾಬಿನ ಹೊರಬಾಗಿಲು ತೆರೆದಿತ್ತು. ಒಳಗೆ ಫರ್ನೇಸಿನ ಗುಂಯ್ ಸದ್ದು. ಒಳಕೋಣೆಯ ಬಾಗಿಲು ತಳ್ಳಿದೆನೋ ಇಲ್ಲವೋ, ಮುಖಕ್ಕೆ ಬಡಿಯಿತು. ನನ್ನ ಮೂಗಿಗೆ ಅದರಲ್ಲಿ ಮೀನೂ ಇಲ್ಲ, ಸಾರೂ ಇಲ್ಲ. ಬರೇ ಬೆಳ್ಳುಳ್ಳಿ, ಕೊಳೆತ ಬೆಳ್ಳುಳ್ಳಿ. ಕಿಟಕಿಗಳೆಲ್ಲ ಮುಚ್ಚಿದ್ದವು. ಒಂದೊಂದಕ್ಕೂ ಚಿಲಕ ಹಾಕಿತ್ತು. ಅಡಿಯ ಸಂದಿಗೂ ಪಂಚೆಯ ತುಂಡನ್ನು ಒತ್ತಿ ತುರುಕಿತ್ತು. ಸರ್ ಟೇಬಲಿನ ಮೇಲೆ ಎರಡೂ ಕೈ ಊರಿ ಉಸಿರಿಗಾಗಿ ಬಾಯಿ ತೆರೆದುಕೊಂಡು ಕೂತಿದ್ದರು. ತುಟಿ ನೀಲಿಯಾಗಿತ್ತು.

ಸೆರಗು ಮೂಗಿಗೆ ಒತ್ತಿಕೊಂಡು ಅವರ ರಟ್ಟೆ ಹಿಡಿದು ಎಳೆದೆ. ಅಷ್ಟು ದೊಡ್ಡ ಮನುಷ್ಯನನ್ನು ಹೇಗೆ ಎಳೆದೆನೋ ಗೊತ್ತಿಲ್ಲ. ಹೊರಗಿನ ವರಾಂಡದಲ್ಲಿ ಗೋಡೆಗೆ ಒರಗಿಸಿ, ಮತ್ತೆ ಒಳಗೆ ಓಡಿ ಸಿಲಿಂಡರಿನ ಬಾಯಿ ತಿರುಗಿಸಿ ಮುಚ್ಚಿ ಬಂದೆ. ವಾಚ್‌ಮನ್ನನ್ನು ಕೂಗಿ ಕೂಗಿ ಗಂಟಲು ಹರಿಯಿತು. ಅವನು ಗೇಟಿನಿಂದ ಓಡಿಬಂದು, ಪುನಃ ರಿಕ್ಷಾ ತರಲು ಓಡಿದ. ನಾವಿಬ್ಬರೇ ಉಳಿದೆವು. ಸಮುದ್ರದ ಗಾಳಿ ಚೆನ್ನಾಗಿ ಬೀಸುತ್ತಿತ್ತು.

"ಕಿಟಕಿ ಯಾಕೆ ಮುಚ್ಚಿದ್ದು? ಯಾಕೆ ಮುಚ್ಚಿದ್ದು ಸರ್?" ನಾನು ಅವರ ಮೇಲೆ ಕಿರುಚುತ್ತಿದ್ದೆ.

ಅವರು ನನ್ನನ್ನು ನೋಡಿ ನಗಲು ಪ್ರಯತ್ನಿಸಿದರು. ಒಂದೊಂದೇ ಮಾತನ್ನು ಉಸಿರಿನ ನಡುವೆ ಹೊರಗೆ ಹಾಕಿದರು. "ಇವತ್ತು ನೀವು ಇಲ್ಲ... ಆದ್ರೂ ವಾಸನೆ ಉಂಟು. ಆಗ ಗೊತ್ತಾಯ್ತು... ಇದು ಹೊರಗಿಂದ ಬರುದು. ದಕ್ಕೆಯಿಂದ, ಗಾಳಿಯಲ್ಲಿ... ಅದಕ್ಕೆ ಮುಚ್ಚಿದೆ." ಆಮೇಲೆ ಕೈ ಜೋಡಿಸಲು ನೋಡಿದರು, ಕೈ ಮೇಲೆ ಬರಲಿಲ್ಲ. "ಇಷ್ಟು ದಿನ ನಿಮ್ಮದು ಅಂತ... ತಪ್ಪು ತಿಳ್ಕೊಂಡೆ ಮೇಡಂ. ಮನಸ್ಸಿಗೆ ಹಚ್ಕೊಳ್ಬೇಡಿ."

ಬೈಯಬೇಕೆಂದು ನದಿ ದಾಟಿ ಹೋಗಿದ್ದವಳು ನಾನು. "ಆಯ್ತು ಸರ್, ಈಗ ಮಾತಾಡ್ಬೇಡಿ," ಎಂದೆ.

ಆಸ್ಪತ್ರೆಯಲ್ಲಿ ಡಾಕ್ಟರರನ್ನು ಬದಿಗೆ ಕರೆದು ಗ್ಯಾಸಿನ ಹೆಸರು ಹೇಳಿದೆ. ಅವರು ಅದನ್ನು ಎರಡು ಸಲ ಹೇಳಿಸಿಕೊಂಡರು, ಅದಕ್ಕೆ ಮದ್ದಿಲ್ಲ, ಆಮ್ಲಜನಕ ಕೊಟ್ಟು ನೋಡುವುದಷ್ಟೇ ಎಂದರು. ಸಂಜೆ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಂಡಿತು. ಹೆಂಡತಿ ಬಂದು ಕಾಲಿನ ಬಳಿ ಕೂತಿದ್ದರು, ಗ್ಯಾಸು ಸೋರಿದ ವಿಷಯವನ್ನು ಡಾಕ್ಟರು ಅವರಿಗೆ ಹೇಳಿದ್ದರು. ಸರ್ ಮುಖದ ಮೇಲಿನ ಮಾಸ್ಕನ್ನು ಸರಿಸಿ, "ನಾಳೆ ಅವರು ಬಂದಾಗ ಹೇಳಿ ಮೇಡಂ, ದಕ್ಕೆಯ ಕಡೆಯ ಕಿಟಕಿ ಮುಚ್ಚಿಯೇ ಇಡ್ಬೇಕು ಅಂತ," ಎಂದರು. ಅವರ ಹೆಂಡತಿ ನನ್ನ ಮುಖ ನೋಡಿದರು. ಬೆಳಿಗ್ಗೆ ನಾನು ಯಾಕೆ ಹಾಗೆ ಓಡಿದೆ ಎಂದು ಅವರಿಗೆ ಅರ್ಥವಾಗಿಬಿಟ್ಟಿತ್ತು.

ಅದು ದಕ್ಕೆಯ ಗಾಳಿಯಲ್ಲ ಸರ್ ಎಂದು ಹೇಳಬಹುದಿತ್ತು. ಹೇಳಿದ್ದರೆ, ಆ ಚಿಲಕಗಳನ್ನು ಹಾಕಿದ ತಮ್ಮ ಕೈಯನ್ನು ನೋಡಿಕೊಳ್ಳುತ್ತಾ ಆ ರಾತ್ರಿ ಮಲಗಿರುತ್ತಿದ್ದರು. "ಹೇಳ್ತೇನೆ ಸರ್," ಎಂದೆ. ಅವರ ಹೆಂಡತಿಯೂ ಬಾಯಿ ಬಿಡಲಿಲ್ಲ, ಮಾಸ್ಕನ್ನು ಸರಿಯಾಗಿ ಇಟ್ಟು ತಲೆ ನೇವರಿಸಿದರು. ಬೆಳಗಾಗುವ ಮೊದಲು ಶ್ವಾಸಕೋಶದಲ್ಲಿ ನೀರು ತುಂಬಿ ಅವರು ತೀರಿಕೊಂಡರು. ಸಮುದ್ರದ ಕಡೆಯಿಂದಲೇ ಎಲ್ಲ ಕೆಡುಕು ಬಂತೆಂದು ನಂಬಿಕೊಂಡು ಹೋದರು.